ಮಲಿಕ್-ಎ-ಮೈದಾನ್ ತಾಳಿಕೋಟೆಗೆ ಹೋಗಿತ್ತಾ? 55 ಟನ್ ತೋಪಿನ ಒಂದು ಪ್ರಕರಣ

ವಿಜಯಪುರದ ಶೇರ್ಜಾ ಬುರುಜಿನ ಮೆಟ್ಟಿಲು ಹತ್ತಿದರೆ ಸಾಕು, ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ವಿಜಯನಗರ ಕೆಡವಿದ ತೋಪು ಇದ ನೋಡ್ರಿ ಸರ. ತಾಳಿಕೋಟಿ ಕಾಳಗದಾಗ ಇದರ ಬಾಯಾಗ ತಾಮ್ರದ ರೊಕ್ಕ ತುಂಬಿ ಹಾರಿಸಿದ್ರು." ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಪ್ರವಾಸಿ ಕೈಪಿಡಿಗಳಲ್ಲೂ ಇದೇ ಕಥೆ.

ಆ ಒಂದು ಮಾತನ್ನು ಇಲ್ಲಿ ಪರೀಕ್ಷೆ ಮಾಡುತ್ತಿದ್ದೇನೆ. ದಖ್ಖನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ ಆ ಕಾಳಗದ ದಿನ, 1565ರ ಜನವರಿ 23ರಂದು, ಈ ತೋಪು ಕೃಷ್ಣಾ ನದಿಯ ಆಚೆ ದಂಡೆಯಲ್ಲಿ ಇತ್ತಾ, ಇಲ್ವಾ? ಇರಲಿಲ್ಲ ಎನ್ನುವುದು ನನ್ನ ತೀರ್ಮಾನ. ತೋಪಿನ ಹೆಸರು ತಗ್ಗಿಸಬೇಕು ಅಂತ ಹೀಗೆ ಹೇಳುತ್ತಿಲ್ಲ. ಆ ತೋಪಿನ ಹಿಂದೆ ನಿಜವಾಗಿ ನಡೆದ ಕೆಲಸ ಇನ್ನೂ ದೊಡ್ಡದು, ಅದನ್ನು ಹೇಳುವವರು ಕಡಿಮೆ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ತೋಪಿನ ಮೈ

ಮೊದಲು ಅಳತೆ. ಉದ್ದ ಸುಮಾರು 14 ಅಡಿ 4 ಇಂಚು. ಹೊರಗಿನ ಅಡ್ಡಳತೆ 5 ಅಡಿಗೆ ಸ್ವಲ್ಪ ಕಡಿಮೆ. ಒಳಗಿನ ಕೊಳವೆ 2 ಅಡಿ 4 ಇಂಚಿನಷ್ಟು ಅಗಲ. ಅಂದರೆ ಗೋಡೆಯ ದಪ್ಪವೇ ಒಂದು ಅಡಿಗಿಂತ ಜಾಸ್ತಿ. ಬಾಯಿಯನ್ನು ಸಿಂಹದ ಮುಖದಂತೆ ಮಾಡಿದ್ದಾರೆ. ಕೋರೆಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿ ನುಜ್ಜಾಗುತ್ತಿದೆ.

55 ಟನ್ ತೂಕ ಎಂದು ಎಲ್ಲರೂ ಬರೆಯುತ್ತಾರೆ. ಬಾಯಿಮಾತಿನ ಅಂಕಿಯೇನೋ ಎಂಬ ಅನುಮಾನ ಬರುವುದು ಸಹಜ. ಕೂತು ಲೆಕ್ಕ ಹಾಕಬಹುದು. ಇಡೀ ತೋಪನ್ನು ಗಟ್ಟಿ ಉರುಳೆ ಎಂದುಕೊಂಡರೆ ಸುಮಾರು 7.6 ಘನ ಮೀಟರ್ ಬರುತ್ತದೆ. ಒಳಗಿನ ಟೊಳ್ಳಿಗೆ 1.3 ಕಳೆಯಿರಿ. ಉಳಿದದ್ದು 6.3 ಘನ ಮೀಟರ್. ಕಂಚು ಘನ ಮೀಟರಿಗೆ 8.7 ಟನ್ ತೂಗುತ್ತದೆ. ಗುಣಿಸಿದರೆ 55 ಟನ್ ಹತ್ತಿರವೇ ಬಂದು ನಿಲ್ಲುತ್ತದೆ. ತೂಕದ ಮಾತು ನಿಜ. ಎರಡೆರಡು ಟ್ರೇಲರ್ ಕಬ್ಬು ತುಂಬಿಕೊಂಡು ಹೋಗುವ ಟ್ರ್ಯಾಕ್ಟರ್ ಮೂರನ್ನು ಒಟ್ಟಿಗೆ ತೂಗಿದಷ್ಟು ಭಾರ, ಅದೂ ಒಂದೇ ತುಂಡಿನಲ್ಲಿ. ಈ "ಒಂದೇ ತುಂಡು" ಎಂಬುದನ್ನು ನೆನಪಿಡಿ. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿದರೂ ತೋಪು ಗಂಟೆಯ ಹಾಗೆ ಗುಂಯ್ ಎನ್ನುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ, ಲೋಹವೇ ಹಾಗಿದೆ. ಪರೀಕ್ಷೆ ಮಾಡಿದಾಗ ಸುಮಾರು 80 ಪಾಲು ತಾಮ್ರ, 20 ಪಾಲು ತವರ ಸಿಕ್ಕಿದೆ. ಮಾಮೂಲಿ ಕಂಚಿನ ತೋಪಿನಲ್ಲಿ ತವರ 10 ಪಾಲಿನ ಆಸುಪಾಸು ಇರುತ್ತದೆ. 20ರ ಮೇಲೆ ಹೋದರೆ ಅದು ದೇವಸ್ಥಾನದ ಗಂಟೆ ಎರೆಯುವ ಲೋಹ. ಒಳ್ಳೆಯ ನಾದ ಬರುತ್ತದೆ, ಆದರೆ ಪೆಟ್ಟಿಗೆ ಬಿರುಕು ಬಿಡುವ ಗುಣವೂ ಇರುತ್ತದೆ.

ಹಾಗಾದರೆ ಎರಕದವನು ಗಂಟೆಯ ಲೋಹ ಯಾಕೆ ಬಳಸಿದ? ನನಗೆ ಕಾಣುವ ಕಾರಣ ಇಷ್ಟು. ಬರೀ ತಾಮ್ರ ಕರಗಲು 1085 ಡಿಗ್ರಿ ಬೇಕು. ತವರ ಬೆರೆಸುತ್ತ ಹೋದ ಹಾಗೆ ಕಾವು ಕಡಿಮೆ ಸಾಕು. 20 ಪಾಲು ಸೇರಿದರೆ 900 ಡಿಗ್ರಿ ಹತ್ತಿರವೇ ಪೂರ್ತಿ ಕರಗಿ ನೀರಿನ ಹಾಗೆ ಹರಿಯುತ್ತದೆ. 55 ಟನ್ ಲೋಹವನ್ನು ಒಂದೇ ಕುಲುಮೆಯಲ್ಲಿ ಕರಗಿಸಲು ಆಗುವುದಿಲ್ಲ. ಅಚ್ಚಿನ ಗುಂಡಿಯ ಸುತ್ತ ಹತ್ತಾರು ಕುಲುಮೆ ಹೂಡಿ, ಎಲ್ಲವನ್ನೂ ಒಂದೇ ಹೊತ್ತಿಗೆ ಹದಕ್ಕೆ ತಂದು, ಒಂದರ ಹಿಂದೆ ಒಂದು ಬಿಡಬೇಕು. ಮೊದಲು ಬಿದ್ದದ್ದು ಗಟ್ಟಿಯಾಗುವುದರೊಳಗೆ ಕೊನೆಯದು ಬಂದು ಕೂಡಿಕೊಳ್ಳಬೇಕು. ನಡುವೆ ತಡವಾದರೆ ತೋಪಿನ ಹೊಟ್ಟೆಯಲ್ಲೇ ಸೀಳು ಉಳಿದುಬಿಡುತ್ತದೆ. ಬೇಗ ಕರಗಿ, ಸಲೀಸಾಗಿ ಹರಿಯುವ ಲೋಹ ಅವನಿಗೆ ಬೇಕಿತ್ತು. ಬಿರುಕಿನ ಭಯಕ್ಕೆ ಗೋಡೆಯನ್ನೇ ದಪ್ಪ ಮಾಡಿದ. ಸುಮಾರು ಐದು ಶತಮಾನದ ಬಿಸಿಲು ಮಳೆಗೆ ನಿಂತ ಮೇಲೂ ಅದು ಗಂಟೆಯ ಹಾಗೆ ನುಡಿಯುತ್ತಿದೆ. ಬಿರುಕು ಬಿಟ್ಟ ಗಂಟೆ ಹೀಗೆ ನುಡಿಯುವುದಿಲ್ಲ, ಅಲ್ವಾ? ಎಂಥ ಕೈ ಇದ್ದೀತು ಅವನದು!

ಅವನ ಹೆಸರು ತೋಪಿನ ಮೇಲೆಯೇ ಇದೆ: ಮುಹಮ್ಮದ್ ಬಿನ್ ಹಸನ್ ರೂಮಿ. ಎರಕ ಆದದ್ದು ಅಹ್ಮದ್‌ನಗರದಲ್ಲಿ, ಅಲ್ಲಿನ ಸುಲ್ತಾನ ಬುರ್ಹಾನ್ ನಿಜಾಮ್ ಶಾಹನಿಗಾಗಿ, ಹಿಜರಿ 956ರಲ್ಲಿ. ನಮ್ಮ ಲೆಕ್ಕಕ್ಕೆ 1549. ಅಂದರೆ ಇದು ಮೂಲದಲ್ಲಿ ವಿಜಯಪುರದ ತೋಪೇ ಅಲ್ಲ, ಎದುರಾಳಿ ಮನೆತನದ್ದು.

ಸಮುದ್ರ ದಾಟಿ ಬಂದ ವಿದ್ಯೆ

ಇಲ್ಲಿ ಸ್ವಲ್ಪ ಪಕ್ಕದ ದಾರಿ ಹಿಡಿಯುತ್ತೇನೆ, ಯಾಕೆಂದರೆ ಪ್ರಕರಣಕ್ಕೆ ಬೇಕಾದ ಒಂದು ಸಾಕ್ಷಿ ಅಲ್ಲಿದೆ. ರೂಮಿ ಎಂದರೆ ತುರ್ಕರ ನಾಡಿನವನು. ಆ ನಾಡಿನ ತೋಪಿನ ಕೆಲಸಗಾರರು ಪಶ್ಚಿಮ ಕರಾವಳಿಗೆ ಹಡಗಿನಲ್ಲೇ ಬಂದಿಳಿದರು. 1538ರಲ್ಲಿ ಸುಲೇಮಾನ್ ಪಾಷಾನ ನೌಕಾಪಡೆ ಪೋರ್ಚುಗೀಸರ ದಿಯು ಕೋಟೆಯನ್ನು ಮುತ್ತಿತು, ಗೆಲ್ಲಲಾಗದೆ ಹಿಂತಿರುಗಿತು. ಅದು ತಂದಿದ್ದ ತೋಪುಗಳಲ್ಲಿ ಒಂದು ಇಲ್ಲೇ ಉಳಿಯಿತು. 1531ರಲ್ಲಿ ಈಜಿಪ್ಟಿನಲ್ಲಿ ಎರೆದ ಆ ನೀಲಮ್ ತೋಪನ್ನು ಈಗಲೂ ಜುನಾಗಢದ ಉಪರ್‌ಕೋಟ್ ಕೋಟೆಯಲ್ಲಿ ನೋಡಬಹುದು. ದಿಯು ಮುತ್ತಿಗೆಗೂ ನಮ್ಮ ತೋಪಿನ ಎರಕಕ್ಕೂ ನಡುವೆ ಹನ್ನೊಂದೇ ವರ್ಷ.

ತುರ್ಕರ ಇನ್ನೊಂದು ತೋಪಿನ ಕಥೆ ಇನ್ನೂ ಸ್ವಾರಸ್ಯ. 1464ರಲ್ಲಿ ಎರೆದ ಡಾರ್ಡನೆಲ್ಸ್ ತೋಪು ಸುಮಾರು 17 ಟನ್ ತೂಗುತ್ತದೆ. ಅದನ್ನು ಎರಡು ತುಂಡು ಮಾಡಿ, ತಿರುಪಿನಿಂದ ಜೋಡಿಸುವ ಹಾಗೆ ಎರೆದಿದ್ದಾರೆ. ಬಿಚ್ಚಿ ಸಾಗಿಸಬೇಕಾದರೆ ಅದೇ ಅನುಕೂಲ. 1807ರಲ್ಲಿ ಡಕ್‌ವರ್ತ್ ಎಂಬ ಇಂಗ್ಲಿಷ್ ಅಡ್ಮಿರಲ್ ಹಡಗುಗಳನ್ನು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ನುಗ್ಗಿಸಿದಾಗ ದಂಡೆಯ ಇಂಥ ಹಳೇ ತೋಪುಗಳೇ ಕಲ್ಲಿನ ಗುಂಡು ಹಾರಿಸಿ ಅವನ ಯುದ್ಧನೌಕೆಗಳಿಗೆ ಪೆಟ್ಟು ಕೊಟ್ಟವು. ಮುನ್ನೂರು ವರ್ಷ ದಾಟಿದ ತೋಪುಗಳು!

ಈಗ ಪ್ರಕರಣಕ್ಕೆ ಬರೋಣ. 17 ಟನ್ ತೋಪನ್ನೇ ಬಿಚ್ಚಿ ಸಾಗಿಸುವ ಹಾಗೆ ಮಾಡಿದ್ದ ಪರಂಪರೆ ಅದು. ಅದೇ ಪರಂಪರೆಯ ಕೈ ಅಹ್ಮದ್‌ನಗರದಲ್ಲಿ 55 ಟನ್ನನ್ನು ಒಂದೇ ತುಂಡಾಗಿ ಎರೆದಿದೆ. ಕಾಳಗದಿಂದ ಕಾಳಗಕ್ಕೆ ಒಯ್ಯಲು ಇದನ್ನು ಮಾಡಿಲ್ಲ. ಒಂದು ಕಡೆ ಕೂರಿಸಿ, ಅಲ್ಲಿಂದಲೇ ಹೊಡೆಯಲು ಮಾಡಿದ್ದು.

ತಾಳಿಕೋಟೆಯ ಪರವಾಗಿ

ಪ್ರಚಲಿತ ಕಥೆಗೂ ನ್ಯಾಯ ಸಿಗಬೇಕು. ತಾಮ್ರದ ನಾಣ್ಯದ ಮಾತು ಕಟ್ಟುಕಥೆ ಅಲ್ಲ. ಅಹ್ಮದ್‌ನಗರದಲ್ಲಿ ಬೆಳೆದು, ಆಮೇಲೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಆ ಕಾಳಗವನ್ನು ವಿವರವಾಗಿ ಹೇಳುತ್ತಾನೆ. ಸುಲ್ತಾನರ ಪಡೆಯ ನಡುಭಾಗದಲ್ಲಿ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ನಿಂತಿದ್ದ. ಅವನ ಮುಂದೆ 600 ತೋಪುಗಳು ಮೂರು ಸಾಲಿನಲ್ಲಿ: ಮೊದಲು ಭಾರಿ ತೋಪು, ಹಿಂದೆ ಮಧ್ಯಮ, ಅದರ ಹಿಂದೆ ಸಣ್ಣವು. ಎಲ್ಲವನ್ನೂ ಸರಪಳಿ, ಹಗ್ಗಗಳಿಂದ ಒಂದಕ್ಕೊಂದು ಬಿಗಿದಿದ್ದರು. ಅವು ಕಾಣದ ಹಾಗೆ ಮುಂದೆ 2000 ಬಿಲ್ಲುಗಾರರು. ವಿಜಯನಗರದ ಪಡೆ ಹತ್ತಿರ ಬಂದ ಮೇಲೆ ಬಿಲ್ಲುಗಾರರು ಹಿಂದೆ ಸರಿದರು, ತೋಪುಗಳು ಒಮ್ಮೆಲೇ ಹಾರಿದವು. ಇನ್ನೂ ಹತ್ತಿರ ಬಂದಾಗ ತೋಪಿಗೆ ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದರು. ತೋಪುಪಡೆಯ ಮುಖ್ಯಸ್ಥ ಚಲಬಿ ರೂಮಿ ಖಾನ್.

ತೋಪು ನಿಜಾಮ್ ಶಾಹಿಯದು. ತೋಪುಪಡೆ ನಿಜಾಮ್ ಶಾಹಿಯದು. ಎರಕದವನೂ ರೂಮಿ, ಹಾರಿಸಿದವನೂ ರೂಮಿ. ಅಗಲ ಬಾಯಿಯ, ಗಿಡ್ಡ ಕೊಳವೆಯ ತೋಪು ನಾಣ್ಯ ಎರಚಲು ಹೇಳಿ ಮಾಡಿಸಿದ ಹಾಗಿದೆ. ಬೇರೆ ಗುಂಡು ಹಾಕೋಣ ಎಂದರೆ ಆ ಅಳತೆಯ ಕಬ್ಬಿಣದ ಗುಂಡು 1.2 ಟನ್ ತೂಗುತ್ತದೆ, ಕಲ್ಲಿನದು ಅರ್ಧ ಟನ್ ಹತ್ತಿರ. ಇಷ್ಟೆಲ್ಲ ಕೂಡಿ ಬಂದಾಗ ಕಥೆ ತಾನಾಗಿಯೇ ಅಂಟಿಕೊಳ್ಳುತ್ತದೆ.

ನದಿ ಹೇಳುವ ಸಾಕ್ಷಿ

ಕಥೆ ಮುರಿಯುವುದು ಕೃಷ್ಣೆಯ ದಂಡೆಯಲ್ಲಿ.

ತಾಳಿಕೋಟೆ ಊರು ನದಿಯ ಉತ್ತರಕ್ಕಿದೆ. ಕಾಳಗ ಆದದ್ದು ನದಿ ದಾಟಿದ ಮೇಲೆ. ದಾಟುವ ಜಾಗವನ್ನು ವಿಜಯನಗರದ ರಾಮರಾಯನ ಕಡೆಯವರು ಆಗಲೇ ಬಂದೋಬಸ್ತ್ ಮಾಡಿದ್ದರು. ಆಗ ಸುಲ್ತಾನರು ಒಂದು ಆಟ ಹೂಡಿದರು. ಬೇರೆ ಕಡೆ ದಾಟುತ್ತೇವೆ ಎನ್ನುವ ಹಾಗೆ ದಂಡೆಗುಂಟ ಮೂರು ದಿನ ನಡೆದರು. ಆಚೆ ದಂಡೆಯಲ್ಲಿ ವಿಜಯನಗರದ ಪಡೆಯೂ ಸಮಸಮನಾಗಿ ನಡೆಯಿತು. ಕಾವಲಿನ ಜಾಗ ಖಾಲಿಯಾದದ್ದೇ ತಡ, ಸುಲ್ತಾನರ ಪಡೆ ರಾತ್ರೋರಾತ್ರಿ ಹಿಂದಕ್ಕೆ ಓಡಿಬಂದು, ಎದುರಿಲ್ಲದೆ ನದಿ ದಾಟಿಬಿಟ್ಟಿತು. ಇದನ್ನು ಹೇಳುವವನೂ ಅದೇ ಫೆರಿಷ್ತಾ.

ಈ ಓಟದಲ್ಲಿ 55 ಟನ್ ಕಂಚನ್ನು ಎಲ್ಲಿ ಇಡುತ್ತೀರಿ? ನದಿಯ ಮರಳಿನಲ್ಲಿ ಖಾಲಿ ಚಕ್ಕಡಿಯೇ ಹೂತುಹೋಗುತ್ತದೆ. ಇಂಥ ತೋಪನ್ನು ದಾಟಿಸಬೇಕಾದರೆ ದಂಡೆ ಕಡಿಯಬೇಕು, ದಿಮ್ಮಿ ಹಾಸಬೇಕು, ದಿನಗಟ್ಟಲೆ ಬೇಕು. ಎದುರಾಳಿ ಆಚೆ ನಿಂತು ಎಲ್ಲವನ್ನೂ ನೋಡುತ್ತಿರುತ್ತಾನೆ. ಗುಟ್ಟಾಗಿ ದಾಟಿದ ಪಡೆಗೂ ಈ ತೋಪಿಗೂ ಹೊಂದಿಕೆ ಆಗುವುದೇ ಇಲ್ಲ.

ಅದಕ್ಕೂ ಮೊದಲಿನ ದಾರಿ ನೋಡಿ. ಅಹ್ಮದ್‌ನಗರದಿಂದ ತಾಳಿಕೋಟೆಗೆ ಕಾಗೆ ಹಾರಿದ ಹಾಗೆ ಅಳೆದರೂ 330 ಕಿಲೋಮೀಟರ್ ಮೇಲಾಗುತ್ತದೆ. ದಿನಕ್ಕೆ 5 ಕಿಲೋಮೀಟರ್ ಎಂದು ಧಾರಾಳವಾಗಿ ಹಿಡಿದರೂ ಎರಡು ತಿಂಗಳಿಗೂ ಜಾಸ್ತಿ. ಸುಲ್ತಾನರ ಪಡೆಗಳು ವಿಜಯಪುರದ ಬಯಲಿನಲ್ಲಿ ಸೇರಿ ದಕ್ಷಿಣಕ್ಕೆ ಹೊರಟದ್ದು 1564ರ ಡಿಸೆಂಬರ್ ಕೊನೆಗೆ. ಆ ಹೊತ್ತಿಗೆ ತೋಪು ಬಂದು ಸೇರಬೇಕಾದರೆ ಅಕ್ಟೋಬರ್ ಹೊತ್ತಿಗೇ ದಾರಿ ಹಿಡಿದಿರಬೇಕು. ಅಕ್ಟೋಬರಿನಲ್ಲಿ ನಮ್ಮ ಎರೆ ಭೂಮಿ ಹೇಗಿರುತ್ತದೆ ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹಿಂಗಾರಿ ಮಳೆ ಬಿದ್ದ ಎರಿಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ನಾಣ್ಯ ಹಾರಿದ್ದು ಖರೆ ಇರಬಹುದು. ಆದರೆ ಹಾರಿದ್ದು ಸಾಲಿನಲ್ಲಿ ಬಿಗಿದ, ಎಳೆದೊಯ್ಯಬಹುದಾದ ಬೇರೆ ತೋಪುಗಳಿಂದ. ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ನಿಜವಾಗಿ ನಡೆದ ಪಯಣ

ಪರಂಡಾ ಈಗ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿದೆ. ನಿಜಾಮ್ ಶಾಹಿಯ ಗಟ್ಟಿ ಕೋಟೆಗಳಲ್ಲಿ ಒಂದು. ತೋಪು ಅಲ್ಲಿತ್ತು. ನಿಜಾಮ್ ಶಾಹಿ ಕುಸಿಯುತ್ತಿದ್ದ ದಿನಗಳು ಅವು. 1631ರಲ್ಲಿ ಮೊಘಲರು ಪರಂಡಾ ಮುತ್ತಿ, ಗೆಲ್ಲದೆ ಹೋಗಿದ್ದರು. ಮತ್ತೆ ಬರುವುದು ಖಂಡಿತವಿತ್ತು, 1634ರಲ್ಲಿ ಬಂದೂ ಬಂದರು. ಆ ನಡುವಿನ ಬಿಡುವಿನಲ್ಲಿ, 1632ರಲ್ಲಿ, ಮುಹಮ್ಮದ್ ಆದಿಲ್‌ಶಾಹನ ಮಂತ್ರಿ ಮುರಾರಿ ಪಂಡಿತ ತೋಪನ್ನು ವಿಜಯಪುರಕ್ಕೆ ತಂದ. ಮೊಘಲರ ಕೈಗೆ ಸಿಗಬಾರದು ಎಂಬ ಅವಸರ ಇದ್ದಿರಲೇಬೇಕು.

ತಂದು ಏರಿಸಲು 10 ಆನೆ, 400 ಎತ್ತು, ನೂರಾರು ಆಳು ಬೇಕಾದವು ಎಂದು ಪರಂಪರೆಯ ಮಾತು. ಇದು ಉತ್ಪ್ರೇಕ್ಷೆಯಾ? ಇದನ್ನೂ ಲೆಕ್ಕಕ್ಕೆ ಹಚ್ಚೋಣ. ದುಡಿಯುವ ಎತ್ತು ದಿನವಿಡೀ ಎಳೆಯುವ ಬಲ ಅದರ ಮೈತೂಕದ ಹತ್ತನೇ ಒಂದು ಪಾಲು. ಖಿಲಾರಿ ಎತ್ತಿಗೆ 45 ಕಿಲೋ ಎಂದುಕೊಳ್ಳಿ. 400 ಎತ್ತಿಗೆ 18 ಟನ್ ಬಲ.

ಬಬಲೇಶ್ವರ ಕಡೆಯ ಒಬ್ಬ ಹಿರಿಯ ರೈತರಿಗೆ ಈ ಲೆಕ್ಕ ಹೇಳಿದೆ. ಅವರು ಒಪ್ಪಲಿಲ್ಲ. "ನಾಕನೂರು ಎತ್ತ ಹೂಡಬಹುದು ತಮ್ಮಾ, ಅವು ಒಮ್ಮೆಲೆ ಜಗ್ಗಬೇಕಲಾ? ಮುಂದಿನ್ವು ಜಗ್ಗೂದ್ರಾಗ ಹಿಂದಿನ್ವು ನಿಂತಿರ್ತಾವು. ಅರ್ಧಾ ಹಿಡಿ." ಸರಿ, ಅರ್ಧ ಹಿಡಿದೆ. 9 ಟನ್.

ಈಗ ಎದುರಿನ ಲೆಕ್ಕ. ತೋಪು, ಅದರ ಕೆಳಗಿನ ಗಾಡಿ ಸೇರಿ 65 ಟನ್ ಎನ್ನೋಣ. ನೆಲದ ಮೇಲೆ ಸುಮ್ನೆ ಎಳೆದರೆ 30 ಟನ್ ಮೇಲೆ ಬಲ ಬೇಕು. 400 ಎತ್ತಿಗೆ ಸಾಧ್ಯವೇ ಇಲ್ಲ. ಚಕ್ರದ ಮೇಲೆ, ಒಣಗಿ ಗಟ್ಟಿಯಾದ ನೆಲದಲ್ಲಾದರೆ ತೂಕದ ಹತ್ತನೇ ಒಂದು ಪಾಲು, ಅಂದರೆ 6.5 ಟನ್ ಸಾಕು. ಆದರೆ ಮೆತ್ತಗಿನ ನೆಲದಲ್ಲಿ ಆ ಅಂಕಿ ಎರಡು ಪಟ್ಟಾಗಿ ಎತ್ತುಗಳು ಸೋಲುತ್ತವೆ. ಅಲ್ಲಿಗೆ ಆನೆ ಬೇಕು, ಹಿಂದಿನಿಂದ ಹಣೆ ಹಚ್ಚಿ ನೂಕಲು. ಹಳೇ ಮಾತಿನ ಅಂಕಿ ಹೀಗೆ ಲೆಕ್ಕಕ್ಕೆ ಕೂಡುವುದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಬಾಯಿಂದ ಬಾಯಿಗೆ ಬಂದದ್ದೆಲ್ಲ ಸುಳ್ಳಲ್ಲ. ಈ ಪ್ರಕರಣದಲ್ಲಿ ತಾಳಿಕೋಟೆಯ ಮಾತು ಲೆಕ್ಕಕ್ಕೆ ನಿಲ್ಲಲಿಲ್ಲ, 400 ಎತ್ತಿನ ಮಾತು ನಿಂತಿತು.

ಪರಂಡಾದಿಂದ ವಿಜಯಪುರಕ್ಕೆ ನೇರ ಅಳತೆಯಲ್ಲಿ ಸುಮಾರು 160 ಕಿಲೋಮೀಟರ್. ದಾರಿಯಲ್ಲಿ ಭೀಮೆಯನ್ನು ದಾಟಲೇಬೇಕು. ಇದರ ಜೊತೆ ಕಡಕ್ ಬಿಜಲಿ ಎಂಬ ಇನ್ನೊಂದು ತೋಪೂ ಹೊರಟಿತ್ತು, ಅದು ನದಿಯಲ್ಲಿ ಮುಳುಗಿತು ಎನ್ನುತ್ತಾರೆ. ಕೆಲವರು ಕೃಷ್ಣೆ ಎನ್ನುವುದುಂಟು. ಆದರೆ ಕೃಷ್ಣೆ ಇರುವುದು ವಿಜಯಪುರದ ದಕ್ಷಿಣಕ್ಕೆ, ಪರಂಡಾದಿಂದ ಬರುವವರಿಗೆ ಅದು ಅಡ್ಡ ಬರುವುದೇ ಇಲ್ಲ. ಮುಳುಗಿದ್ದು ನಿಜವಾದರೆ ಅದು ಭೀಮೆಯಲ್ಲೇ ಆಗಿರಬೇಕು.

ಬುರುಜಿನ ಮೇಲೆ ಕೂತ ಮೇಲೆ

ಶೇರ್ಜಾ ಬುರುಜು ಎರಡನೇ ಅಲಿ ಆದಿಲ್‌ಶಾಹನ ಕಾಲದ್ದು, ಅಂದರೆ 1656ರಿಂದ 1672ರ ಒಳಗಿನದು. ಐದು ತಿಂಗಳಲ್ಲಿ ಕಟ್ಟಿದ್ದೆಂದು ಅಲ್ಲಿನ ಶಾಸನ ಹೇಳುತ್ತದೆ. ತೋಪಿನ ಬಾಯಿ ಪಶ್ಚಿಮಕ್ಕೆ.

1685ರಲ್ಲಿ ಔರಂಗಜೇಬನ ಪಡೆ ನಗರ ಮುತ್ತಿತು. ಮೊಘಲರ ಗುಂಡಿನ ಕಲೆಗಳು ಇವತ್ತಿಗೂ ದಟ್ಟವಾಗಿ ಕಾಣುವುದು ದಕ್ಷಿಣದ ಗೋಡೆಯಲ್ಲಿ, ಲಂಡಾ ಕಸಾಬ್ ಬುರುಜಿನ ಸುತ್ತ. ಹೊಡೆತ ಬಿದ್ದದ್ದು ದಕ್ಷಿಣಕ್ಕೆ, ದೈತ್ಯ ತೋಪು ಮುಖ ಮಾಡಿದ್ದು ಪಶ್ಚಿಮಕ್ಕೆ. ಅದನ್ನು ಒಂದು ಬುರುಜಿನಿಂದ ಇನ್ನೊಂದಕ್ಕೆ ಸಾಗಿಸುವ ಮಾತೇ ಇಲ್ಲ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್‌ಶಾಹ ಶರಣಾದ. ಗೆದ್ದವನು ತೋಪಿನ ಮೇಲೆ ತನ್ನ ಹೆಸರನ್ನೂ ಕೆತ್ತಿಸಿದ. ಮಲಿಕ್-ಎ-ಮೈದಾನನ್ನು ವಶಪಡಿಸಿಕೊಂಡೆ ಎಂದು ಅಲ್ಲಿ ಬರೆಸಿದ್ದಾನೆ.

ಕೋಟೆ ಕಾಯುವ ಕೆಲಸಕ್ಕೆ ಉಪಲಿ ಬುರುಜಿನ ಮೇಲಿರುವ ಉದ್ದನೆಯ ಕಬ್ಬಿಣದ ತೋಪುಗಳೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಈ ಬುರುಜು ಸುಮಾರು 80 ಅಡಿ ಎತ್ತರ. ಅಲ್ಲಿನ ಲಂಬಚರಿ ತೋಪು 30 ಅಡಿಗೂ ಉದ್ದ, ಬಾಯಿ ಒಂದು ಅಡಿಯಷ್ಟೇ. ಕಬ್ಬಿಣದ ಪಟ್ಟಿಗಳನ್ನು ಉದ್ದುದ್ದ ಜೋಡಿಸಿ, ಮೇಲೆ ಬಳೆ ತೊಡಿಸಿ ಬೆಸೆದದ್ದು. ಎತ್ತರದಲ್ಲಿ ಕೂತು, ಸುತ್ತ ತಿರುಗಿ, ದೂರ ಹೊಡೆಯುವ ತೋಪು.

ಆದರೂ ಮಲಿಕ್-ಎ-ಮೈದಾನ್ ಉಳಿದದ್ದು ಅದರ ತೂಕದಿಂದಲೇ. ಇಂಗ್ಲಿಷರ ಆಡಳಿತ ಬಂದ ಮೇಲೆ ಇದನ್ನು ಇಂಗ್ಲೆಂಡಿಗೆ ಒಯ್ಯುವ ಆಲೋಚನೆ ನಡೆದಿತ್ತು. ಕರಾವಳಿ ತನಕ ಇದನ್ನು ಹೊರುವ ರಸ್ತೆ ಇರಲಿಲ್ಲ, ಬಿಟ್ಟರು. 1854ರಲ್ಲಿ, ವಿಜಯಪುರ ಸಾತಾರಾದ ಆಡಳಿತಕ್ಕೆ ಸೇರಿದ್ದಾಗ, ಕೆಲಸಕ್ಕೆ ಬಾರದ ಸಾಮಾನುಗಳ ಜೊತೆ ಇದನ್ನೂ ಹರಾಜಿಗೆ ಇಟ್ಟರು. ಬಂದ ಬೆಲೆ 150 ರೂಪಾಯಿ. ಸುಮಾರು 44 ಟನ್ ತಾಮ್ರ, 11 ಟನ್ ತವರಕ್ಕೆ 150 ರೂಪಾಯಿ! ಇದನ್ನು ಒಡೆಯುವುದು, ಬುರುಜಿನಿಂದ ಇಳಿಸುವುದು, ಸಾಗಿಸುವುದು ಆಗದ ಮಾತು ಎಂದು ಕೊಳ್ಳುವವನಿಗೂ ಗೊತ್ತಿದ್ದಿರಬೇಕು. ಬೆಲೆ ತೀರಾ ಕಡಿಮೆ ಆಯಿತೆಂದು ಅಧಿಕಾರಿಗಳು ಹರಾಜು ರದ್ದು ಮಾಡಿದರು.

ಮುಂದೆ ವಿಜಯಪುರಕ್ಕೆ ಬರುವವರು, ಅದರಲ್ಲೂ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು, ಶೇರ್ಜಾ ಬುರುಜು ನೋಡಿ ಹಾಗೇ ಹೊರಟುಬಿಡಬೇಡಿ. ಉಪಲಿ ಬುರುಜು ಹತ್ತಿ ಲಂಬಚರಿಯ ಬಳೆಗಳನ್ನು ಮುಟ್ಟಿ ನೋಡಿ. ಅಲ್ಲಿಂದ ದಕ್ಷಿಣದ ಗೋಡೆಗೆ ಹೋಗಿ ಮೊಘಲರ ಗುಂಡಿನ ಕಲೆಗಳನ್ನು ಹುಡುಕಿ. ತಾಳಿಕೋಟೆಯ ಕಥೆ ಹೇಳುವುದಿದ್ದರೆ ಕೃಷ್ಣೆಯ ದಂಡೆಯ ಆ ಮೂರು ದಿನದ ಆಟವನ್ನು ಹೇಳಿ. 400 ಎತ್ತಿನ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಏಳನೇ ತರಗತಿಯ ಗಣಿತ ಸಾಕು.